ಮೊದಲು ಖಾತೆ ಕೇಳಿ, ಆಮೇಲೆ ಮನೆ ನೋಡಿ

ಪ್ರಶ್ನೆ: ನಾವು ಕೆಜಿಎಫ್‌ನ ನಂದಿದುರ್ಗದ ಮೈನಿಂಗ್ ಲೈನಿನಲ್ಲಿ ಮೂರು ತಲೆಮಾರಿನಿಂದ ಇದ್ದೇವೆ. ತಾತ, ಅಪ್ಪ ಇಬ್ಬರೂ ಗಣಿಯಲ್ಲಿ ದುಡಿದವರು. ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತೇನೆ. ತಿಂಗಳಿಗೆ 22,000 ರೂಪಾಯಿ ಸಂಬಳ. ಹೆಂಡತಿಯ ತವರು ಬೂದಿಕೋಟೆ ಕಡೆಯ ಒಂದು ಹಳ್ಳಿ. ಅಮೆರಿಕದಲ್ಲಿರುವ ನನ್ನ ಚಿಕ್ಕಮ್ಮನ ಮಗ ಅಲ್ಲಿ ಹಳ್ಳಿಯ ಮನೆಗೆ ಸರ್ಕಾರದ ಸಾಲ ತೆಗೆದುಕೊಂಡಿದ್ದಾನೆ. ವಿಳಾಸ ಹಾಕಿದರೆ ಆ ಮನೆ ಸಾಲಕ್ಕೆ ಅರ್ಹವೋ ಅಲ್ಲವೋ ಅಂತ ಕಂಪ್ಯೂಟರೇ ಹೇಳುತ್ತದಂತೆ. ನಮ್ಮ ಬಂಗಾರಪೇಟೆ, ಕೆಜಿಎಫ್ ಸುತ್ತಮುತ್ತ ಅಂಥ ಮನೆಗಳನ್ನು ಹುಡುಕುವುದು ಹೇಗೆ? ನಾವಿರುವ ಲೈನಿನ ಮನೆಯ ಮೇಲೇ ಸಾಲ ಸಿಗಬಹುದೇ?

ಓದುಗರೊಬ್ಬರು, ನಂದಿದುರ್ಗ

ಉತ್ತರ: ನಿಮ್ಮ ತಮ್ಮ ಹೇಳಿದ್ದು ನಿಜ. ಅಮೆರಿಕದಲ್ಲಿ ಹಳ್ಳಿಗಾಡಿನ ಮನೆಸಾಲ ನೋಡಿಕೊಳ್ಳುವುದು ಅಲ್ಲಿನ ಕೃಷಿ ಇಲಾಖೆ. 1949ರ ವಸತಿ ಕಾಯ್ದೆಯಿಂದ ಬೆಳೆದು ಬಂದ ವ್ಯವಸ್ಥೆ ಅದು. ಸಾಲ ಕೊಡುವುದು ಬ್ಯಾಂಕು, ಜಾಮೀನು ನಿಲ್ಲುವುದು ಇಲಾಖೆ. ಕೈಯಿಂದ ಮುಂಗಡ ಹಾಕದೆಯೂ ಮನೆ ಕೊಳ್ಳಬಹುದು. ಆದರೆ ಮನೆ ಹಳ್ಳಿ ಅಥವಾ ಸಣ್ಣ ಊರಿನಲ್ಲಿರಬೇಕು. ಊರಿನ ಜನಸಂಖ್ಯೆಗೆ ಮಿತಿ ಇದೆ, ಕೆಲವು ಕಡೆ ಅದು 35,000ದವರೆಗೆ ಹೋಗುತ್ತದೆ. ಯಾವ ಜಾಗ ಒಳಗೆ, ಯಾವುದು ಹೊರಗೆ ಎಂಬುದನ್ನು ಇಲಾಖೆಯೇ ನಕ್ಷೆಯಲ್ಲಿ ಬಣ್ಣ ಹಾಕಿ ಇಟ್ಟಿದೆ. ವಿಳಾಸ ಹಾಕಿದರೆ ಉತ್ತರ ಬರುತ್ತದೆ.

ವಿಳಾಸಕ್ಕೆ ಉತ್ತರ ಕೊಡುವ ಅಂಥ ನಕ್ಷೆ ನಮ್ಮಲ್ಲಿಲ್ಲ. ಇಲ್ಲಿ ಆ ಕೆಲಸ ಮಾಡುವುದು ಒಂದು ಹಾಳೆ, ಖಾತೆ. ನಾನು ಹಲವು ವರ್ಷ ಬ್ಯಾಂಕಿನ ಸಾಲದ ಮೇಜಿನ ಹಿಂದೆ ಕುಳಿತವನು. ಮನೆಸಾಲ ಕೇಳಿಕೊಂಡು ಬರುವವರು ಮೊದಲು ಮನೆಯ ಫೋಟೋ ತೋರಿಸುತ್ತಿದ್ದರು. ಹಜಾರ ಎಷ್ಟು ದೊಡ್ಡದು, ಬೋರ್‌ವೆಲ್‌ನಲ್ಲಿ ನೀರು ಎಷ್ಟು ಅಡಿಗೆ ಬಂತು ಅಂತ ಸಂತೋಷದಿಂದ ಹೇಳುತ್ತಿದ್ದರು. ನಾನು ಕೇಳುತ್ತಿದ್ದದ್ದು ಒಂದೇ: ನೆಲ ಯಾರದು? ಅಲ್ಲಿಗೆ ಎಷ್ಟೋ ಜನರ ಮುಖ ಇಳಿದುಹೋಗುತ್ತಿತ್ತು. ಮುಂಗಡ ಕೊಟ್ಟು ಆದಮೇಲೆ ಬಂದಿರುತ್ತಿದ್ದರು. ನೀವು ಮುಂಗಡ ಕೊಡುವ ಮೊದಲೇ ಬರೆದಿದ್ದೀರಿ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೀವಿರುವ ಮನೆಯಿಂದಲೇ ಶುರುಮಾಡೋಣ, ಏಕೆಂದರೆ ನಿಮ್ಮ ಪ್ರಶ್ನೆಯ ಕೊನೆಯ ಸಾಲೇ ನನ್ನನ್ನು ಹೆಚ್ಚು ಕಾಡಿದ್ದು.

ಕೋಲಾರದ ಚಿನ್ನದ ಗಣಿಗೆ ಜಾನ್ ಟೇಲರ್ ಕಂಪನಿ ಬಂದದ್ದು 1880ರಲ್ಲಿ. ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಎಂದು ಗಣಿಗಳಿಗೆ ಹೆಸರು ಬಂದವು. ನಿಮ್ಮ ಊರಿನ ಹೆಸರು ಆ ಗಣಿಯದೇ. ಕೆಲಸಕ್ಕೆ ತಮಿಳು ಸೀಮೆಯಿಂದ, ಆಂಧ್ರದ ಕಡೆಯಿಂದ, ಸುತ್ತಲ ಹಳ್ಳಿಗಳಿಂದ ಜನ ಬಂದರು. ಮೊದಮೊದಲು ತಟ್ಟಿಯ ಗುಡಿಸಲು, ಆಮೇಲೆ ಸಾಲಾಗಿ ಕಟ್ಟಿದ ಪುಟ್ಟ ಕ್ವಾರ್ಟರ್ಸು. ಆ ಸಾಲುಗಳೇ ಲೈನು. ಮನೆ ಕಂಪನಿಯದು, ನೆಲ ಗಣಿ ಗುತ್ತಿಗೆಯದು, ಕೆಲಸ ಇರುವವರೆಗೆ ವಾಸ. 1956ರಲ್ಲಿ ಗಣಿಗಳನ್ನು ಮೈಸೂರು ಸರ್ಕಾರ ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ನಾವೆಲ್ಲ ಬಿಜಿಎಂಎಲ್ ಅನ್ನುವುದು, ಹುಟ್ಟಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮಾಲೀಕರು ಇಷ್ಟು ಸಲ ಬದಲಾದರೂ ಮನೆಯೊಳಗಿದ್ದ ಕಾರ್ಮಿಕನ ಹೆಸರು ನೆಲದ ಯಾವ ದಾಖಲೆಗೂ ಏರಲಿಲ್ಲ.

ಒಮ್ಮೆ ಗಣಿಯಿಂದ ನಿವೃತ್ತರಾದ ಹಿರಿಯರೊಬ್ಬರು ಬಂದಿದ್ದರು. ಮಗನ ಮದುವೆ ಆಗಿ ಮನೆ ಚಿಕ್ಕದಾಗಿದೆ, ಹಿಂದೆ ಒಂದು ಕೋಣೆ ಇಳಿಸಬೇಕು, ಸಾಲ ಕೊಡಿ ಅಂದರು. ಪ್ಲಾಸ್ಟಿಕ್ ಕವರಿನಿಂದ ಒಂದೊಂದಾಗಿ ಕಾಗದ ತೆಗೆದು ಮೇಜಿನ ಮೇಲೆ ಜೋಡಿಸಿದರು. ಕ್ವಾರ್ಟರ್ಸ್ ಕೊಟ್ಟ ಚೀಟಿ, ಸಂಬಳದ ಚೀಟಿಗಳು, ಪಡಿತರ ಚೀಟಿ, ವೋಟರ್ ಕಾರ್ಡು, ಇಪ್ಪತ್ತು ವರ್ಷದ ಕರೆಂಟ್ ಬಿಲ್ಲು. ಅವರು ಆ ಮನೆಯಲ್ಲಿ ಬದುಕಿದ್ದಕ್ಕೆ ಅಷ್ಟೂ ಕಾಗದ ಸಾಕ್ಷಿ. ಮನೆ ಅವರದು ಅನ್ನುವುದಕ್ಕೆ ಒಂದೂ ಸಾಕ್ಷಿ ಅಲ್ಲ. ಮಾರುವ ಹಕ್ಕು ಇಲ್ಲದ್ದನ್ನು ಅಡವಿಡಲಾಗದು. ಸಾಲ ತೀರದಿದ್ದರೆ ಬ್ಯಾಂಕು ಹರಾಜು ಹಾಕಲಾಗದ ಮನೆಯ ಮೇಲೆ ಮನೆಸಾಲ ಕೊಡುವುದಿಲ್ಲ. ಇದನ್ನು ಅವರಿಗೆ ಹೇಳಬೇಕಾದದ್ದು ನನಗೆ ಇವತ್ತಿಗೂ ನೋವಿನ ನೆನಪು. ಭೂಮಿಯ ಮೂರು ಕಿಲೋಮೀಟರು ಆಳಕ್ಕೆ ಇಳಿದು ದೇಶಕ್ಕೆ ಚಿನ್ನ ತೆಗೆದುಕೊಟ್ಟ ಜನಕ್ಕೆ ಮೇಲಿನ ಮೂವತ್ತು ಅಡಿ ನೆಲದ ಕಾಗದ ಸಿಗಲಿಲ್ಲ. ಇದು ಅನ್ಯಾಯ. ಅದನ್ನು ಸರಿಪಡಿಸಬೇಕಾದದ್ದು ಸರ್ಕಾರಗಳು, ಬ್ಯಾಂಕಿನ ಗುಮಾಸ್ತರಲ್ಲ.

ಹಾಗಾಗಿ ಲೈನಿನ ಮನೆಯ ಮೇಲೆ, ಹಕ್ಕುಪತ್ರ ಕೈಗೆ ಬಂದು ಖಾತೆ ಆಗುವವರೆಗೆ, ಮನೆಸಾಲದ ಆಸೆ ಬೇಡ. ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಪಕ್ಕದ ಲೈನಿನಲ್ಲಿ ಯಾರೋ ಛಾಪಾ ಕಾಗದದ ಮೇಲೆ ಅಗ್ರಿಮೆಂಟ್ ಬರೆದು ಕ್ವಾರ್ಟರ್ಸು ‘ಮಾರುತ್ತಾರೆ’ ಅಂದರೆ ಅದಕ್ಕೆ ಕೈ ಹಾಕಬೇಡಿ. ಅವರು ಕೊಡುವುದು ಬೀಗದ ಕೈ ಮಾತ್ರ. ಬಿಜಿಎಂಎಲ್ ನೆಲದ ವಿಚಾರ ಇನ್ನೂ ಚಲನೆಯಲ್ಲಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸೈನೈಡ್ ದಿಬ್ಬಗಳ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. 13 ದಿಬ್ಬಗಳು, ಸುಮಾರು ಸಾವಿರ ಎಕರೆ. ಇಂಥ ನೆಲದ ಅಂಚಿನಲ್ಲಿ ಖಾಸಗಿಯಾಗಿ ಬರೆದುಕೊಂಡ ಕಾಗದಕ್ಕೆ ನಾಳೆ ಏನು ಬೆಲೆ ಎಂಬುದನ್ನು ಯಾರೂ ಹೇಳಲಾರರು.

ಇನ್ನು ‘ಗ್ರಾಮೀಣ’ ಎಂಬ ಮಾತಿಗೆ ಬರೋಣ. ನಂದಿದುರ್ಗ ನೋಡುವುದಕ್ಕೆ ಊರಾಚೆಯ ಬಯಲಿನಂತೆ ಕಂಡರೂ ಕಾಗದದಲ್ಲಿ ಅದು ಪಟ್ಟಣ. ರಾಬರ್ಟ್‌ಸನ್‌ಪೇಟೆ ನಗರಸಭೆಯ ಕೆಳಗೆ ಬರುತ್ತದೆ. ಬಂಗಾರಪೇಟೆಗೆ ಪುರಸಭೆ ಇದೆ. ನಿಮ್ಮ ಮಾವನವರ ಊರು ಗ್ರಾಮ ಪಂಚಾಯಿತಿಯದು. ಯಾವ ಜಾಗ ಯಾವುದರ ಕೆಳಗೆ ಎಂಬ ಸಂಶಯ ಬಂದಾಗ ಸುಲಭದ ಪರೀಕ್ಷೆ ಒಂದಿದೆ: ಮನೆಗಂದಾಯದ ರಸೀದಿ ಕೊಡುವವರು ಯಾರು ನೋಡಿ. ಪಂಚಾಯಿತಿ ಬಿಲ್ ಕಲೆಕ್ಟರ್ ಕೊಟ್ಟರೆ ಹಳ್ಳಿ, ನಗರಸಭೆ ಪುರಸಭೆ ಕೊಟ್ಟರೆ ಪಟ್ಟಣ. ಸರ್ಕಾರದ ಯೋಜನೆಗಳು ಈ ಗೆರೆಯ ಆಚೆ ಈಚೆ ಬೇರೆಬೇರೆ.

ಗೆರೆಯ ಆಚೆ, ಹಳ್ಳಿಗಳಲ್ಲಿ ಇರುವುದು ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ. 1985ರಲ್ಲಿ ಶುರುವಾದ ಇಂದಿರಾ ಆವಾಸ್ ಯೋಜನೆ 2016ರಲ್ಲಿ ಈ ರೂಪ ತಾಳಿತು. ಜೊತೆಗೆ ನಮ್ಮ ರಾಜ್ಯದ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ ಯೋಜನೆಗಳು. ಇವನ್ನು ನಡೆಸುವುದು 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಜನ ಇವತ್ತಿಗೂ ಎಲ್ಲದಕ್ಕೂ ಸೇರಿಸಿ ‘ಆಶ್ರಯ ಮನೆ’ ಅನ್ನುತ್ತಾರೆ. ಇಲ್ಲೇ ಬಹಳ ಮಂದಿ ಎಡವುತ್ತಾರೆ. ಇವು ಮನೆ ಕೊಳ್ಳುವುದಕ್ಕೆ ಕೊಡುವ ಸಾಲಗಳಲ್ಲ, ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಳ್ಳಲು ಬಡ ಕುಟುಂಬಕ್ಕೆ ಕೊಡುವ ಸಹಾಯಧನ. ಆವಾಸ್ ಗ್ರಾಮೀಣದಲ್ಲಿ ಬಯಲುಸೀಮೆಗೆ ಮನೆಯೊಂದಕ್ಕೆ 1.20 ಲಕ್ಷ ರೂಪಾಯಿ. ಅಡುಗೆಯ ಜಾಗವೂ ಸೇರಿ ಮನೆ 25 ಚದರ ಮೀಟರಿಗಿಂತ ಕಡಿಮೆ ಇರಬಾರದು. ಹಣ ಒಟ್ಟಿಗೆ ಬರುವುದಿಲ್ಲ. ಪಾಯ, ಲಿಂಟಲ್, ಛಾವಣಿ ಹೀಗೆ ಒಂದೊಂದು ಹಂತದ ಫೋಟೋ ಜಿಪಿಎಸ್ ಗುರುತಿನೊಂದಿಗೆ ಏರಿದ ಮೇಲೆ ಕಂತು ಬರುತ್ತದೆ. ಬೇಕಿದ್ದರೆ 70,000 ರೂಪಾಯಿವರೆಗೆ ಬ್ಯಾಂಕ್ ಸಾಲ ಸೇರಿಸಿಕೊಳ್ಳಬಹುದು. ಈ ಯೋಜನೆಯಲ್ಲಿ ‘ಸಾಲ’ ಅಂತ ಇರುವುದು ಅಷ್ಟೇ.

ಅದು ನಿಮಗೆ ಸಿಗುತ್ತದೆಯೇ? ನಿಮ್ಮ ಸಂಬಳ ನೋಡಿದರೆ ಇಲ್ಲ. 2024ರ ಹೊಸ ಸಮೀಕ್ಷೆಗೆ ನಿಯಮ ಸಡಿಲಿಸಿದರು. ಮೊದಲು ಬೈಕು ಇದ್ದರೆ, ಮನೆಯಲ್ಲಿ ಫ್ರಿಜ್ಜು ಇದ್ದರೆ ಹೆಸರು ಹೊಡೆದುಹಾಕುತ್ತಿದ್ದರು, ಅದು ಹೋಯಿತು. ಆದಾಯದ ಮಿತಿ 10,000ದಿಂದ 15,000ಕ್ಕೆ ಏರಿತು. ಕುಟುಂಬದಲ್ಲಿ ಯಾರೊಬ್ಬರಾದರೂ ತಿಂಗಳಿಗೆ 15,000ಕ್ಕಿಂತ ಹೆಚ್ಚು ದುಡಿದರೆ ಆ ಕುಟುಂಬ ಹೊರಗೆ. ನಿಮ್ಮದು 22,000. ‘ನಾನು ಹೆಸರು ಸೇರಿಸಿಕೊಡುತ್ತೇನೆ, ಐದು ಸಾವಿರ ಕೊಡಿ’ ಅನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಫಲಾನುಭವಿಗಳ ಪಟ್ಟಿ ಗ್ರಾಮಸಭೆಯ ಮುಂದೆ ಬರಬೇಕಾದದ್ದು, ಮಾರಾಟದ ಸರಕಲ್ಲ. ನಿಮ್ಮ ಅತ್ತೆ ಮಾವ ಇನ್ನೂ ಮಣ್ಣಿನ ಗೋಡೆ, ಹಳೆಯ ಶೀಟಿನ ಮನೆಯಲ್ಲಿದ್ದರೆ ಅವರ ಹೆಸರು ಪಟ್ಟಿಯಲ್ಲಿದೆಯೇ ಅಂತ ಪಂಚಾಯಿತಿಯಲ್ಲಿ ಕೇಳಿ. ಅದು ಅವರ ಹಕ್ಕು.

ಗೆರೆಯ ಈಚೆ ನಿಮಗೆ ದಾರಿ ಇದೆ. 2024ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಆವಾಸ್ ಯೋಜನೆಯ ನಗರ ವಿಭಾಗದ ಎರಡನೇ ಹಂತದಲ್ಲಿ ಬಡ್ಡಿ ಸಹಾಯಧನ ಮತ್ತೆ ಬಂದಿದೆ. ಹಿಂದಿನ ಬಡ್ಡಿ ಸಹಾಯಧನ 2022ರ ಮಾರ್ಚಿಗೆ ಮುಗಿದುಹೋಗಿತ್ತು. ಈಗಿನದರ ಲೆಕ್ಕ ಹೀಗಿದೆ. ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ, ಕಾರ್ಪೆಟ್ ಏರಿಯಾ 120 ಚದರ ಮೀಟರಿನೊಳಗೆ ಇರಬೇಕು. ಸಾಲದ ಮೊದಲ 8 ಲಕ್ಷಕ್ಕೆ ಶೇ 4ರ ಬಡ್ಡಿ ಸಹಾಯ, ಒಟ್ಟು ಹೆಚ್ಚೆಂದರೆ 1.80 ಲಕ್ಷ ರೂಪಾಯಿ. ಅದು ಐದು ವಾರ್ಷಿಕ ಕಂತುಗಳಲ್ಲಿ ನಿಮ್ಮ ಸಾಲದ ಖಾತೆಗೆ ಜಮೆಯಾಗುತ್ತದೆ. ಕಂತು ಬರುವ ಹೊತ್ತಿಗೆ ಸಾಲ ನಡೆಯುತ್ತಿರಬೇಕು, ಅಸಲಿನ ಅರ್ಧಕ್ಕಿಂತ ಹೆಚ್ಚು ಬಾಕಿ ಇರಬೇಕು. ಕುಟುಂಬದ ವರಮಾನ ವರ್ಷಕ್ಕೆ 9 ಲಕ್ಷ ಮೀರಬಾರದು. ದೇಶದಲ್ಲಿ ಎಲ್ಲೂ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು. ನಿಮ್ಮ ವರ್ಷದ ಸಂಬಳ 2.64 ಲಕ್ಷ. ಮನೆಯಲ್ಲಿ ಬೇರೆ ದುಡಿಮೆ ಇಲ್ಲದಿದ್ದರೆ ಮೊದಲ ವರ್ಗದಲ್ಲೇ, ಅಂದರೆ 3 ಲಕ್ಷದೊಳಗೇ ಬರುತ್ತೀರಿ. ಲೈನಿನ ಕ್ವಾರ್ಟರ್ಸು ನಿಮ್ಮ ಹೆಸರಿನಲ್ಲಿಲ್ಲ ಎಂಬುದು ಇಲ್ಲಿ ಮಾತ್ರ ನಿಮಗೆ ಅನುಕೂಲವಾಗುತ್ತದೆ. ಸರ್ಕಾರ ಜಾಮೀನು ನಿಲ್ಲುವ ಕೆಲಸವೂ ಇದರಲ್ಲಿದೆ. ಬಡವರ ಮನೆಸಾಲಕ್ಕೆಂದೇ ಇರುವ ಖಾತರಿ ನಿಧಿಯನ್ನು 1,000 ಕೋಟಿಯಿಂದ 3,000 ಕೋಟಿಗೆ ಏರಿಸಲಾಗಿದೆ. ನಿಮ್ಮ ತಮ್ಮ ಪಡೆದ ಸಾಲಕ್ಕೆ ನಮ್ಮಲ್ಲಿರುವ ಹತ್ತಿರದ ನೆಂಟ ಇದೇ.

‘ನಗರ’ ಅಂದಮಾತ್ರಕ್ಕೆ ಹಳ್ಳಿಗಳೆಲ್ಲ ಹೊರಗೆ ಅಂದುಕೊಳ್ಳಬೇಡಿ. ನಗರಾಭಿವೃದ್ಧಿ ಪ್ರಾಧಿಕಾರದ, ಯೋಜನಾ ಪ್ರಾಧಿಕಾರದ ಅಧಿಸೂಚಿತ ಪ್ರದೇಶದೊಳಗೆ ಬರುವ ಹಳ್ಳಿಗಳನ್ನೂ ಈ ಯೋಜನೆ ಸೇರಿಸಿಕೊಳ್ಳುತ್ತದೆ. ಪಂಚಾಯಿತಿಗೆ ಕಂದಾಯ ಕಟ್ಟುವ ಊರು ಯೋಜನಾ ಪ್ರದೇಶದ ಒಳಗೂ ಇರಬಹುದು. ಕೆಜಿಎಫ್‌ಗೆ ನಗರಾಭಿವೃದ್ಧಿ ಪ್ರಾಧಿಕಾರ ಇದೆ. ನೀವು ನೋಡುವ ಮನೆಯ ಊರಿನ ಹೆಸರು, ಸರ್ವೆ ನಂಬರು ಹಿಡಿದು ಅಲ್ಲಿ ಕೇಳಿದರೆ ಒಳಗೋ ಹೊರಗೋ ತಿಳಿಯುತ್ತದೆ. ನಿಮ್ಮ ತಮ್ಮ ಕಂಪ್ಯೂಟರಿನಲ್ಲಿ ನೋಡಿದ ನಕ್ಷೆಗೆ ನಮ್ಮಲ್ಲಿ ಸಮನಾದದ್ದು ಈ ವಿಚಾರಣೆ. ಊರು ಹೊರಗೆ ಉಳಿದರೆ ಸಹಾಯಧನ ಇಲ್ಲ, ಆದರೆ ಮಾಮೂಲಿ ಮನೆಸಾಲಕ್ಕೆ ಅಡ್ಡಿ ಇಲ್ಲ.

ಈಗ ಖಾತೆಯ ವಿಚಾರ. ಹಳ್ಳಿಯ ಆಸ್ತಿಗಳಿಗೆ 2013ರಿಂದ ಇ-ಸ್ವತ್ತು ಬಂದಿದೆ. ಪಂಚಾಯಿತಿಯಿಂದ ಬರುವ ಹಾಳೆಯಲ್ಲಿ ನಮೂನೆ 9 ಮತ್ತು 11ಎ ಅಂತ ಇದ್ದರೆ ಅದು ಅಧಿಕೃತ ಆಸ್ತಿ: ಹಳೆಯ ಗ್ರಾಮಠಾಣಾದ ಮನೆ, ಇಲ್ಲವೇ ಭೂಪರಿವರ್ತನೆಯಾಗಿ ನಕ್ಷೆ ಮಂಜೂರಾದ ಲೇಔಟಿನ ಸೈಟು, ಇಲ್ಲವೇ ಸರ್ಕಾರವೇ ಕೊಟ್ಟ ನಿವೇಶನ. ಹಾಳೆಯಲ್ಲಿ 11ಬಿ ಅಂತ ಇದ್ದರೆ ಅಲ್ಲಿಗೇ ನಿಲ್ಲಿ. ಹೊಲವನ್ನು ಡಿಸಿ ಕನ್ವರ್ಷನ್ ಮಾಡಿಸದೆ, ಲೇಔಟ್ ನಕ್ಷೆ ಇಲ್ಲದೆ, ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟು ಮಾರಿದ ರೆವಿನ್ಯೂ ಸೈಟುಗಳು ಬಹುಪಾಲು ಇದರಲ್ಲಿ ಬರುತ್ತವೆ. ಸರ್ಕಾರಿ ಬ್ಯಾಂಕುಗಳು ಇದರ ಮೇಲೆ ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಕೊಡುವ ಫೈನಾನ್ಸ್ ಕಂಪನಿಗಳ ಬಡ್ಡಿ ನಿಮ್ಮ ಸಂಬಳಕ್ಕೆ ತಡೆಯುವಂಥದ್ದಲ್ಲ. 2025ರಲ್ಲಿ ಕಾನೂನು ತಿದ್ದಿ ಇಂಥ ಆಸ್ತಿಗಳನ್ನೂ ತೆರಿಗೆಯ ಪುಸ್ತಕಕ್ಕೆ ತರುವ ಕೆಲಸ ನಡೆದಿದೆ. ಅದನ್ನು ತೋರಿಸಿ ‘ಈಗ ಎಲ್ಲಾ ಸಕ್ರಮ ಆಯ್ತು’ ಅಂತ ಏಜೆಂಟರು ಹೇಳಬಹುದು. ತೆರಿಗೆ ಕಟ್ಟಿದ್ದರಿಂದಲೇ ಅನಧಿಕೃತ ಲೇಔಟು ಅಧಿಕೃತವಾಗುವುದಿಲ್ಲ. ಪಟ್ಟಣದಲ್ಲಿ ಎ ಖಾತೆ, ಬಿ ಖಾತೆ ಎಂಬ ವ್ಯತ್ಯಾಸವೂ ಹೆಚ್ಚುಕಡಿಮೆ ಇಂಥದ್ದೇ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯಲ್ಲಿ ಮನೆ ನೋಡಿದರೂ ಎ ಖಾತೆಯದನ್ನೇ ನೋಡಿ.

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆ ಹಾದುಹೋದ ಮೇಲೆ ನಮ್ಮ ಸೀಮೆಯ ಹೊಲಗಳ ಮೇಲೆ ಎಲ್ಲರ ಕಣ್ಣು ಬಿದ್ದಿದೆ. ರಾಗಿ, ಟೊಮೆಟೊ ಬೆಳೆಯುತ್ತಿದ್ದ ಕಡೆ ಬಣ್ಣದ ಕಮಾನು ಎದ್ದರೆ ಆಸೆಯಾಗುವುದು ಸಹಜ. ಕಮಾನಿನ ಬಣ್ಣ ನೋಡಬೇಡಿ, ಲೇಔಟ್ ಮಂಜೂರಾತಿಯ ಪ್ರತಿ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಬಂದ ದಾರಿಯಲ್ಲೇ ವಾಪಸ್ಸು ಬನ್ನಿ.

ಕೋಲಾರ ಜಿಲ್ಲೆಗೆ ವಿಶೇಷವಾಗಿ ಇನ್ನೂ ಒಂದು ಎಚ್ಚರಿಕೆ ಬೇಕು. ಇಲ್ಲಿ ಪರಿಶಿಷ್ಟ ಜಾತಿಯ ಕುಟುಂಬಗಳಿಗೆ ಸರ್ಕಾರ ಕೊಟ್ಟ ಜಮೀನು ಬಹಳ ಇದೆ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಕ್ರಯ ನಿಲ್ಲುವುದಿಲ್ಲ. ಮೂಲ ಕುಟುಂಬ ಅರ್ಜಿ ಹಾಕಿದರೆ ನೆಲ ಅವರಿಗೆ ಹಿಂದಿರುಗುತ್ತದೆ. ಇಷ್ಟು ವರ್ಷದೊಳಗೆ ಅರ್ಜಿ ಹಾಕಬೇಕೆಂಬ ಗಡುವೂ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಮಾಡಿದೆ. ಆ ಕಾಯ್ದೆ ಇರಬೇಕಾದದ್ದೇ. ಐನೂರು, ಸಾವಿರ ಕೊಟ್ಟು ಬಡವರ ಹೆಬ್ಬೆಟ್ಟು ಒತ್ತಿಸಿಕೊಂಡ ಕಥೆಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆ ಇಲ್ಲ. ನೀವು ತಿಳಿಯದೆ ಅಂಥ ಅನ್ಯಾಯದ ಕೊನೆಯ ಕೊಂಡಿಯಾಗಬಾರದು, ಹಣವನ್ನೂ ಕಳೆದುಕೊಳ್ಳಬಾರದು. ಪಹಣಿಯಲ್ಲಿ, ಹಳೆಯ ಮ್ಯುಟೇಷನ್‌ನಲ್ಲಿ ‘ಮಂಜೂರು’, ‘ದರಖಾಸ್ತು’, ‘ಸಾಗುವಳಿ ಚೀಟಿ’ ಎಂಬ ಮಾತು ಕಂಡರೆ ವಕೀಲರಿಗೆ ತೋರಿಸದೆ ಮುಂದೆ ಹೋಗಬೇಡಿ. ‘ಗೋಮಾಳ’, ‘ಕೆರೆ ಅಂಗಳ’, ‘ಖರಾಬು’ ಕಂಡರಂತೂ ಬಿಟ್ಟುಬಿಡಿ. ಆಶ್ರಯ ಮನೆ ಮಾರುತ್ತೇವೆ ಅಂದರೆ ಹಕ್ಕುಪತ್ರದ ಷರತ್ತುಗಳನ್ನು ಓದಿ. ಎಷ್ಟು ವರ್ಷ ಪರಭಾರೆ ಮಾಡಬಾರದು ಅಂತ ಅಲ್ಲೇ ಬರೆದಿರುತ್ತದೆ.

ಹಾಗಾದರೆ ಉಳಿಯುವುದೇನು ಅಂತ ನಿಮಗೆ ಅನ್ನಿಸಬಹುದು. ಗ್ರಾಮಠಾಣಾ ಉಳಿಯುತ್ತದೆ. ಊರ ನಡುವೆ, ಅರಳಿಕಟ್ಟೆ ಗುಡಿಯ ಆಸುಪಾಸು, ತಲೆತಲಾಂತರದಿಂದ ಜನ ವಾಸವಿರುವ ಜಾಗ ಅದು. ಈ ಮನೆಗಳಿಗೆ ಒಂದು ಕಾಲದಲ್ಲಿ ಅಳತೆ ಸರಿಯಾಗಿ ಇರಲಿಲ್ಲ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ಓಣಿ ಅಂತ ಚಕ್ಕುಬಂದಿ ಮಾತ್ರ ಇರುತ್ತಿತ್ತು. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣಾಗಳನ್ನು ಅಳೆಯುತ್ತಿದ್ದಾರೆ. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅಳತೆ ಮುಗಿದ ಊರುಗಳಲ್ಲಿ ಮನೆಯವರಿಗೆ ಪ್ರಾಪರ್ಟಿ ಕಾರ್ಡು ಕೊಡುತ್ತಾರೆ. ಅದನ್ನಿಟ್ಟು ಬ್ಯಾಂಕ್ ಸಾಲ ಪಡೆಯಲಿ ಎಂಬುದೇ ಆ ಯೋಜನೆಯ ಉದ್ದೇಶಗಳಲ್ಲಿ ಒಂದು. ನನ್ನ ಅಭಿಪ್ರಾಯ ಕೇಳಿದರೆ, ಬಂಗಾರಪೇಟೆ ಸುತ್ತ ಹೊಸ ಲೇಔಟಿನ ಸೈಟಿಗಿಂತ ಬೂದಿಕೋಟೆ, ಕಾಮಸಮುದ್ರ, ಬೇತಮಂಗಲದ ಕಡೆಯ ಗ್ರಾಮಠಾಣಾದ ಹಳೆಯ ಮನೆಯೇ ಮೇಲು. ಓಣಿ ಕಿರಿದಿರಬಹುದು, ಕಾರು ಬಾರದಿರಬಹುದು. ಆದರೆ ನೆಲ ಯಾರದು ಎಂಬ ಪ್ರಶ್ನೆಗೆ ಊರೇ ಉತ್ತರ ಹೇಳುತ್ತದೆ.

ಅಲ್ಲೂ ಒಂದು ತೊಡಕು ಇದ್ದೇ ಇರುತ್ತದೆ. ಖಾತೆ ತಾತನ ಹೆಸರಿನಲ್ಲೇ ನಿಂತಿರುತ್ತದೆ, ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಿರುತ್ತಾರೆ. ಮಾರುವವರು ಮೊದಲು ಪೌತಿ ಖಾತೆ ಮಾಡಿಸಲಿ. ವಂಶವೃಕ್ಷದಲ್ಲಿರುವ ಹೆಣ್ಣುಮಕ್ಕಳೂ ಸೇರಿ ಎಲ್ಲರೂ ಸಹಿ ಹಾಕಲಿ. ಮದುವೆಯಾಗಿ ಬೇರೆ ಊರಲ್ಲಿರುವ ತಂಗಿಯ ಸಹಿ ಬಿಟ್ಟಿದ್ದಕ್ಕೆ ಹತ್ತು ವರ್ಷ ಕೋರ್ಟಿಗೆ ಅಲೆದವರನ್ನು ನಾನು ಬಲ್ಲೆ. ಋಣಭಾರ ಪತ್ರ, ಅಂದರೆ ಇಸಿ, ಮೂವತ್ತು ವರ್ಷದ್ದು ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಇಸಿಯಲ್ಲಿ ಹಳೆಯ ಅಡಮಾನ ಕಂಡು ಅದು ತೀರಿದ ಗುರುತು ಕಾಣದಿದ್ದರೆ ಅದನ್ನು ಮೊದಲು ಬಿಡಿಸಿಕೊಡಲು ಹೇಳಿ.

ಕೆಜಿಎಫ್ ಹತ್ತಿರ ಮನೆ ನೋಡುವುದಾದರೆ ಗೋಡೆಗಳನ್ನೂ ನೋಡಿ. ಗಣಿಯ ಕಾಲದಲ್ಲಿ ರಾಕ್‌ಬರ್ಸ್ಟ್ ಆದಾಗ, ಅಂದರೆ ಒಳಗೆ ಬಂಡೆ ಸಿಡಿದಾಗ, ಮೇಲಿನ ಮನೆಗಳಲ್ಲಿ ಪಾತ್ರೆ ಅಲುಗಾಡುತ್ತಿದ್ದದ್ದನ್ನು ನಿಮ್ಮ ಮನೆಯ ಹಿರಿಯರು ಹೇಳಿರುತ್ತಾರೆ. ಮೂಲೆಯಿಂದ ಓರೆಯಾಗಿ ಇಳಿದ ಬಿರುಕು ಕಂಡರೆ ಬ್ಯಾಂಕಿನ ಎಂಜಿನಿಯರ್ ಮನೆಯ ಬೆಲೆ ಕಡಿಮೆ ಕಟ್ಟುತ್ತಾರೆ. ಬೆಲೆ ಕಡಿಮೆಯಾದಷ್ಟೂ ಸಾಲವೂ ಕಡಿಮೆ.

ದುಡ್ಡಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಸಂಬಳದ ಅರ್ಧದವರೆಗೆ ಕಂತು ಇರಲು ಬ್ಯಾಂಕು ಒಪ್ಪುತ್ತದೆ. ಶೇ 8.5 ಬಡ್ಡಿ, 20 ವರ್ಷ ಅಂತ ಹಿಡಿದರೆ 12 ಲಕ್ಷದ ಸಾಲಕ್ಕೆ ತಿಂಗಳ ಕಂತು ಸುಮಾರು 10,400 ರೂಪಾಯಿ. ನಿಮ್ಮ ಮೇಲಿನ ಮಿತಿ ಅಲ್ಲೇ ಎಲ್ಲೋ ಇದೆ. 30 ಲಕ್ಷದೊಳಗಿನ ಸಾಲಕ್ಕೆ ಮನೆಯ ಬೆಲೆಯ ಶೇ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ, ಉಳಿದದ್ದು ನಿಮ್ಮ ಕೈಯಿಂದ. ಅದರ ಜೊತೆಗೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಲೆಕ್ಕದಲ್ಲಿ ಬಿಡಬೇಡಿ. ದಿನಾ ರೈಲಿನ ಪಾಸು, ಮಕ್ಕಳ ಫೀಸು ಎಲ್ಲ ಕಳೆದು 22,000ದಲ್ಲಿ 10,000 ಕಂತು ಕಟ್ಟುವುದು ಕಷ್ಟ ಅನ್ನಿಸಿದರೆ ಮನೆ ಚಿಕ್ಕದು ನೋಡಿ, ಸಾಲ ದೊಡ್ಡದು ಮಾಡಬೇಡಿ.

ನೀವು ಕೇಳದ ಒಂದು ದಾರಿ ನನಗೆ ಕಾಣುತ್ತಿದೆ. ಮಾವನವರಿಗೆ ಗ್ರಾಮಠಾಣಾದಲ್ಲಿ ಖಾಲಿ ಜಾಗವೋ, ಬಿದ್ದುಹೋದ ದನದ ಕೊಟ್ಟಿಗೆಯೋ ಇದ್ದು, ಮಗಳಿಗೆ ಕೊಡುವ ಮನಸ್ಸಿದ್ದರೆ ಆ ಜಾಗವನ್ನು ನಿಮ್ಮ ಮನೆಯವರ ಹೆಸರಿಗೆ ದಾನಪತ್ರ ಮಾಡಿಸಬಹುದು. ಅಪ್ಪ ಮಗಳಿಗೆ ಬರೆಯುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರದಂತೆ ಬೆಲೆಯ ಮೇಲಲ್ಲ, ನಿಗದಿತ ಸಣ್ಣ ಮೊತ್ತ. ಬಾಮೈದಂದಿರ ಒಪ್ಪಿಗೆಯ ಸಹಿ ಜೊತೆಗಿರಲಿ. ಖಾತೆ ನಿಮ್ಮ ಮನೆಯವರ ಹೆಸರಿಗೆ ಬಂದಮೇಲೆ, ಪಂಚಾಯಿತಿಯಿಂದ ಕಟ್ಟಡದ ಪರವಾನಗಿ ತೆಗೆದು, ನೀವಿಬ್ಬರೂ ಸೇರಿ ಕಟ್ಟಡಕ್ಕೆ ಸಾಲ ಕೇಳಬಹುದು. ಕಟ್ಟುವುದಕ್ಕೆ ಸಾಲ ಹಂತಹಂತವಾಗಿ ಬರುತ್ತದೆ, ಪಡೆದಷ್ಟಕ್ಕೇ ಬಡ್ಡಿ. ಊರು ಯೋಜನಾ ಪ್ರದೇಶದೊಳಗೆ ಬಂದರೆ ಬಡ್ಡಿ ಸಹಾಯಧನಕ್ಕೂ ಅರ್ಜಿ ಹಾಕಬಹುದು. ನೆಲದ ಖರ್ಚು ಇಲ್ಲದ್ದರಿಂದ ಏಳೆಂಟು ಲಕ್ಷದಲ್ಲಿ ಮುಗಿಸಲು ಪ್ರಯತ್ನಿಸಬಹುದು, ಎಂಟು ಲಕ್ಷಕ್ಕೆ ಕಂತು 7,000ದ ಆಸುಪಾಸು. ಹೆಣ್ಣುಮಗಳ ಹೆಸರಿನಲ್ಲಿ ಮನೆ ಇರುವುದನ್ನು ಸರ್ಕಾರದ ಯೋಜನೆಗಳೂ ಬಯಸುತ್ತವೆ. ಎಷ್ಟೋ ಮನೆಗಳನ್ನು ನೋಡಿದ ಮೇಲೆ ನಾನೂ ಅದನ್ನೇ ಬಯಸುತ್ತೇನೆ.

ಪಂಚಾಯಿತಿ ಕಚೇರಿ ಭಾನುವಾರ ತೆರೆದಿರುವುದಿಲ್ಲ, ನಿಮಗೆ ಉಳಿದ ದಿನ ರೈಲು ತಪ್ಪಿಸಲಾಗದು. ನಿಮ್ಮ ಮನೆಯವರು ತವರಿಗೆ ಹೋದಾಗ ಒಂದು ಬೆಳಿಗ್ಗೆ ಅಪ್ಪನನ್ನು ಕರೆದುಕೊಂಡು ಪಿಡಿಓ ಅವರನ್ನು ಕಂಡು ಬರಲಿ. ಆ ಜಾಗದ ಇ-ಸ್ವತ್ತು ಪ್ರತಿ ಕೇಳಲಿ. ಇಲ್ಲದಿದ್ದರೆ ಅರ್ಜಿ ಕೊಟ್ಟು ಹಿಂಬರಹ ತೆಗೆದುಕೊಳ್ಳಲಿ. ಹಾಳೆ ಕೈಗೆ ಬಂದಾಗ ಮೊದಲು ನಮೂನೆಯ ಸಂಖ್ಯೆ ನೋಡಿ, ಆಮೇಲೆ ಖಾತೆದಾರರ ಹೆಸರು, ಆಮೇಲೆ ಅಳತೆ. ಅಳತೆ ನೆಲದ ಮೇಲೆ ಟೇಪು ಹಿಡಿದಾಗಲೂ ಅಷ್ಟೇ ಬರಬೇಕು.

ಇನ್ನು ಲೈನಿನ ಮನೆಯ ಕಾಗದಗಳು: ತಾತನಿಗೆ, ಅಪ್ಪನಿಗೆ ಕ್ವಾರ್ಟರ್ಸು ಕೊಟ್ಟ ಚೀಟಿ, ಗಣಿಯ ಗುರುತಿನ ಚೀಟಿ, ಕೆಲಸ ಬಿಟ್ಟಾಗಿನ ಲೆಕ್ಕದ ಹಾಳೆ. ಇವತ್ತು ಅವುಗಳ ಮೇಲೆ ಸಾಲ ಸಿಗುವುದಿಲ್ಲ. ಹಕ್ಕುಪತ್ರ ಕೊಡುವ ದಿನ ಬಂದಾಗ ಅರ್ಜಿಯ ಜೊತೆ ಕೇಳುವುದು ಅವನ್ನೇ. ಒಂದೊಂದನ್ನೂ ಜೆರಾಕ್ಸ್ ಮಾಡಿಸಿ, ಮೂಲವನ್ನು ಗೆದ್ದಲು ಹತ್ತದ ಡಬ್ಬಿಯಲ್ಲಿಡಿ.